ಮುಂದಿನ ಟೈರ್ ಸವೆತಕ್ಕೆ ಹಿಂದಿನ ಆಕ್ಸಲ್ ನೋಡಿ

ಸೇಡಂನ ಓದುಗರೊಬ್ಬರ ಪ್ರಶ್ನೆ: "ನಮ್ಮವು ಎರಡು ಹತ್ತು ಗಾಲಿ ಲಾರಿ ಅದಾವ. ಸಿಮೆಂಟ್ ತುಂಬಿ ಸೊಲ್ಲಾಪುರ, ಹೈದರಾಬಾದ್ ಕಡೆ ಹೊಡಿತೀವಿ. ಒಂದು ಗಾಡಿಗೆ ಮುಂದಿನ ಎರಡೂ ಟೈರ್ ಹೊಸಾವು ಹಾಕಿ 28 ಸಾವಿರ ಕಿ.ಮೀ. ಆಗ್ಯದ. 10.00 ಆರ್ 20, ರೇಡಿಯಲ್. ಎಡಗಡೆ ಟೈರಿಂದು ಹೊರಗಿನ ಅಂಚು ಬೋಳಾಗ್ಯದ, ಬಲಗಡೆದ್ದು ಒಳಗಿನ ಅಂಚು. ನಡುವಿನ ಗುಂಡಿ ಇನ್ನೂ ಛಲೋ ಅದಾವ. ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸೀನಿ, ಏನೂ ಫರಕ್ ಬಿದ್ದಿಲ್ಲ. ಹಿಂದಿನ ಜೋಡಿ ಟೈರ್‌ದಾಗ ಒಳಗಿನವು ಜಲ್ದಿ ಸವೀತಾವ, ಗುಂಡಿ ಗರಗಸದ ಹಲ್ಲಿನಂಗ ಆಗ್ಯಾವ. ಒಬ್ರು ಕಂಪನಿ ಮಾಲೇ ಖರಾಬ್ ಅಂತಾರ, ಒಬ್ರು ಬ್ಯಾಸಗ್ಯಾಗ ಹವಾ ಕಮ್ಮಿ ಇಡು ಅಂತಾರ, ಇನ್ನೊಬ್ರು ನೈಟ್ರೋಜನ್ ತುಂಬು ಅಂತಾರ. ಯಾವ್ದು ಖರೆ?"

ಮೂರೂ ಖರೆ ಅಲ್ಲ. ಖರೆ ಏನೆಂಬುದನ್ನು ನಿಮ್ಮ ಪ್ರಶ್ನೆಯ ಒಂದು ಸಾಲೇ ಹೇಳುತ್ತಿದೆ: ಎಡ ಟೈರಿನ ಹೊರ ಅಂಚು, ಬಲ ಟೈರಿನ ಒಳ ಅಂಚು.

ಮುಂದಿನ ಗಾಲಿಗಳ ಟೋ ತಪ್ಪಿದ್ದರೆ, ಅಂದರೆ ಎರಡೂ ಗಾಲಿಗಳ ಮೂತಿ ಒಳಕ್ಕೆ ಅಥವಾ ಹೊರಕ್ಕೆ ತಿರುಗಿದ್ದರೆ, ಸವೆತ ಎರಡೂ ಕಡೆ ಒಂದೇ ತರಹ ಇರಬೇಕು. ಟೋ-ಇನ್ ಹೆಚ್ಚಾದರೆ ಎರಡೂ ಟೈರಿನ ಹೊರ ಅಂಚು ಹೋಗುತ್ತದೆ, ಟೋ-ಔಟ್ ಆದರೆ ಎರಡರದೂ ಒಳ ಅಂಚು. ಒಂದರದು ಹೊರಗೆ, ಇನ್ನೊಂದರದು ಒಳಗೆ ಹೋಗಿದೆ ಎಂದರೆ ಎರಡೂ ಗಾಲಿಗಳು ಒಂದೇ ದಿಕ್ಕಿಗೆ ತುಸು ತಿರುಗಿಕೊಂಡೇ ಓಡುತ್ತಿವೆ. ನಿಮ್ಮ ಗಾಡಿಯಲ್ಲಿ ಅದು ಬಲಕ್ಕೆ. ಗಾಡಿ ಎಡಕ್ಕೆ ಎಳೆಯುತ್ತಿದೆ, ಡ್ರೈವರ್ ಸ್ಟೇರಿಂಗನ್ನು ಸದಾ ಒಂದಿಷ್ಟು ಬಲಕ್ಕೆ ಹಿಡಿದೇ ಓಡಿಸುತ್ತಿದ್ದಾನೆ. ಹೀಗೆ ಎಳೆಯುವುದು ಬಹಳ ಸಲ ಹಿಂದಿನ ಆಕ್ಸಲ್. ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಎಷ್ಟು ಸಲ ತಿರುವಿದರೂ ಅದು ಸರಿಹೋಗುವುದಿಲ್ಲ.

ಟೇಪ್ ತರುವ ಮೊದಲು ಕೈಯಿಂದಲೇ ಇದನ್ನು ಖಾತ್ರಿ ಮಾಡಿಕೊಳ್ಳಬಹುದು. ಟೈರ್ ತಣ್ಣಗಿದ್ದಾಗ ಅಂಗೈಯನ್ನು ಗುಂಡಿಯ (ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳ) ಮೇಲೆ ಅಡ್ಡಲಾಗಿ ಆಡಿಸಿ, ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. (ತಂತಿ, ಗಾಜು ಸಿಕ್ಕಿಕೊಂಡಿದೆಯೇ ಎಂದು ಮೊದಲು ಕಣ್ಣಿಂದ ನೋಡಿ.) ಪಕ್ಕಕ್ಕೆ ಜಾರುತ್ತಾ ಓಡಿದ ಟೈರಿನಲ್ಲಿ ಪ್ರತಿ ಪಟ್ಟಿಯ ಒಂದು ಬದಿ ಉರುಟಾಗಿ, ಇನ್ನೊಂದು ಬದಿ ಚೂಪಾಗಿ ಉಳಿದಿರುತ್ತದೆ. ಹಾಗಾಗಿ ಕೈ ಒಂದು ದಿಕ್ಕಿನಲ್ಲಿ ಜಾರುತ್ತದೆ, ಇನ್ನೊಂದು ದಿಕ್ಕಿನಲ್ಲಿ ತಡೆಯುತ್ತದೆ. ಎರಡೂ ಟೈರಿನಲ್ಲಿ ಚೂಪು ಗಾಡಿಯ ನಡುವಿನ ಕಡೆಗಿದ್ದರೆ ಟೋ-ಇನ್ ಹೆಚ್ಚಾಗಿದೆ, ಎರಡರಲ್ಲೂ ಹೊರಗಡೆಗಿದ್ದರೆ ಟೋ-ಔಟ್. ಎರಡರಲ್ಲೂ ಗಾಡಿಯ ಬಲಗಡೆಗೇ ಇದ್ದರೆ ಮೇಲೆ ಹೇಳಿದ ಮಾತು ನಿಜ, ಹಿಂದಿನ ಆಕ್ಸಲ್ ಅಳೆಯಬೇಕು. ಅಂಚು ಬೋಳಾಗುವುದು ಸಾವಿರಾರು ಕಿಲೋಮೀಟರ್ ಆದ ಮೇಲೆ. ಕೈಗೆ ಈ ಚೂಪು ಸಿಗುವುದು ಅದಕ್ಕಿಂತ ಎಷ್ಟೋ ಮೊದಲು. ತಿಂಗಳಿಗೊಮ್ಮೆ ಡ್ರೈವರೇ ಇದನ್ನು ಮಾಡಿದರೆ ಸಾಕು.

ಮೂರು ಸಲ ಮಾಡಿಸಿದ ಅಲೈನ್‌ಮೆಂಟ್ ಏನಾಯಿತು? ಹೆಚ್ಚಿನ ಕಡೆ ಆ ಹೆಸರಿನಲ್ಲಿ ನಡೆಯುವುದು ಎರಡೇ ಕೆಲಸ: ಮುಂದಿನ ಟೋ ಅಳೆದು ಟೈ ರಾಡ್ ತಿರುವುವುದು, ಆಮೇಲೆ ಸ್ಟೇರಿಂಗ್ ವೀಲ್ ವಾರೆಯಾಗಿ ನಿಂತಿದ್ದರೆ ಸ್ಟೇರಿಂಗ್ ಬಾಕ್ಸನ್ನು ಗಾಲಿಗೆ ಜೋಡಿಸುವ ಡ್ರ್ಯಾಗ್ ಲಿಂಕ್ ಹೊಂದಿಸಿಯೋ ವೀಲನ್ನೇ ಕಳಚಿ ಒಂದು ಹಲ್ಲು ಪಕ್ಕಕ್ಕೆ ಕೂರಿಸಿಯೋ ನೆಟ್ಟಗೆ ಮಾಡುವುದು. ಈ ಎರಡನೆಯದು ರೋಗ ಮುಚ್ಚಿಡುವ ಕೆಲಸ. ಗಾಡಿ ವಾರೆ ಓಡುತ್ತಿದೆ ಎಂದು ಡ್ರೈವರ್‌ಗೆ ಹೇಳುತ್ತಿದ್ದದ್ದು ಆ ವಾರೆ ಸ್ಟೇರಿಂಗ್ ಒಂದೇ. ಅದನ್ನು ನೆಟ್ಟಗೆ ಮಾಡಿದ ಮೇಲೆ ಟೈರ್ ಮೊದಲಿನಂತೆಯೇ ಸವೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ವೀಲನ್ನು ಕಳಚಿ ಕೂರಿಸಿದ್ದರೆ ಸ್ಟೇರಿಂಗ್ ಬಾಕ್ಸ್ ತನ್ನ ನಡುಬಿಂದು ಬಿಟ್ಟು ಕೆಲಸ ಮಾಡುತ್ತಿರುತ್ತದೆ, ನೇರ ರಸ್ತೆಯಲ್ಲೇ ಆಟ ಜಾಸ್ತಿ ಅನಿಸುತ್ತದೆ. ಮುಂದಿನ ಸಲ ಅಲೈನ್‌ಮೆಂಟ್‌ಗೆ ಹೋದಾಗ "ಸ್ಟೇರಿಂಗ್ ನೆಟ್ಟಗೆ ಮಾಡಬೇಡಿ, ಯಾಕೆ ವಾರೆ ಇದೆ ಹೇಳಿ" ಎಂದು ಕೇಳಿ.

ಲೆಕ್ಕ ಹೀಗಿದೆ. ಹಿಂದಿನ ಆಕ್ಸಲಿನ ಒಂದು ತುದಿಯಿಂದ ಇನ್ನೊಂದು ತುದಿಯ ಗಾಲಿಗೆ ಸುಮಾರು 1.8 ಮೀಟರ್. ಒಂದು ತುದಿ 10 ಮಿ.ಮೀ. ಹಿಂದೆ ಸರಿದಿದ್ದರೂ ಆ ಆಕ್ಸಲ್ ಪ್ರತಿ ಕಿಲೋಮೀಟರಿಗೆ ಐದೂವರೆ ಮೀಟರ್ ಪಕ್ಕಕ್ಕೆ ಹೋಗಲು ನೋಡುತ್ತದೆ. ಹತ್ತು ಗಾಲಿ ಲಾರಿಗೆ ಹಿಂದೆ ಎರಡು ಆಕ್ಸಲ್; ಪಕ್ಕದ ಇನ್ನೊಂದು ನೇರ ಹೋಗಬೇಕು ಎನ್ನುತ್ತದೆ. ಈ ಎರಡರ ಜಗಳವನ್ನು ಮುಂದಿನ ಎರಡು ಟೈರ್ ತಡೆದುಕೊಳ್ಳಬೇಕು. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ.; ಒಂದು ಖೇಪಿಗೆ ಒಂದು ಕಿಲೋಮೀಟರಿಗೂ ಮಿಕ್ಕಿ ಪಕ್ಕದ ಎಳೆತ.

ಅಳೆಯುವುದಕ್ಕೆ ಲೇಸರ್ ಬೇಕಿಲ್ಲ. ಸ್ಟೀಲ್ ಟೇಪ್, ಎರಡು ತೂಕದ ಗುಂಡು, ಸೀಮೆಸುಣ್ಣ ಸಾಕು. ಗಾಡಿ ಖಾಲಿ ಇರಲಿ, ಎಲ್ಲ ಟೈರಿನ ಹವಾ ಸರಿಯಿರಲಿ, ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಕರಿಮಣ್ಣಿನ ಅಂಗಳದಲ್ಲಿ ಅಳೆದ ಲೆಕ್ಕ ಲೆಕ್ಕವಲ್ಲ. 20 ಮೀಟರ್ ನೇರ ಮುಂದೆ ಬಂದು ಬ್ರೇಕ್ ಒತ್ತದೆ ಮೆಲ್ಲಗೆ ನಿಲ್ಲಿಸಿ, ರಿವರ್ಸ್ ತೆಗೆಯಬೇಡಿ, ಗಾಲಿಗೆ ಅಡ್ಡ ಕೊಡಿ. ಮೊದಲು ಹಿಂದಿನ ಎರಡು ಆಕ್ಸಲ್‌ಗಳ ಹಬ್ ನಡುವಿನ ಅಂತರ ಎಡಗಡೆ ಎಷ್ಟು, ಬಲಗಡೆ ಎಷ್ಟು ನೋಡಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎರಡು ಆಕ್ಸಲ್ ಸಮಾನಾಂತರವಾಗಿಲ್ಲ. ಯಾವುದು ತಪ್ಪಿದೆ ಎಂದು ಗೊತ್ತಾಗಲು ಚಾಸಿಯ ಎರಡೂ ಕಡೆ ಒಂದೇ ಜಾಗದ ತೂತಿನಿಂದ, ಉದಾಹರಣೆಗೆ ಆಕ್ಸಲ್ ಮುಂದಿರುವ ಬ್ರಾಕೆಟ್‌ನ ತೂತಿನಿಂದ, ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ. ಹಬ್ ನಡುವಿನಿಂದಲೂ ಹಾಗೆಯೇ. ಎರಡು ಗುರುತುಗಳ ನಡುವಿನ ಅಳತೆ ಎಡ–ಬಲ ಹೋಲಿಸಿ. ಗಾಡಿ ಯಾವಾಗಲೂ ಅಳತೆ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ನಿಮ್ಮದರಲ್ಲಿ ಎಡಗಡೆ ಕಡಿಮೆ ಬರಬೇಕು. ಕೊನೆಗೆ ನೆಲದ ಗುರುತುಗಳ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಹಿಡಿದರೆ ಚಾಸಿಯೇ ವಾರೆಯಾಗಿದೆಯೇ ಎನ್ನುವುದೂ ಗೊತ್ತಾಗುತ್ತದೆ.

ಆಕ್ಸಲ್ ಸರಿಯುವುದು ಏಕೆ? ಮೊದಲ ಅನುಮಾನ ಆಕ್ಸಲನ್ನು ಕಮಾನ್ ಪಾಟಾಕ್ಕೆ (ಲೀಫ್ ಸ್ಪ್ರಿಂಗಿಗೆ) ಬಿಗಿಯುವ ಯು ಬೋಲ್ಟ್ ಮತ್ತು ಪಾಟಾಗಳ ನಡುವಿನ ಸೆಂಟರ್ ಬೋಲ್ಟ್ ಮೇಲೆ. ಕಮಾನ್ ಪಾಟಾ ಬದಲಿಸಿದಾಗ ಯು ಬೋಲ್ಟ್ ಒಮ್ಮೆ ಬಿಗಿದು ಬಿಟ್ಟುಬಿಡುತ್ತಾರೆ. ಹೊಸ ಪಾಟಾಗಳು ಲೋಡಿಗೆ ಕೂತ ಮೇಲೆ ಬೋಲ್ಟ್ ಸಡಿಲವಾಗುತ್ತದೆ. ಆಗ ಆಕ್ಸಲ್ ಹಿಡಿದಿಡುವ ಹೊಣೆ ಪೂರಾ ಒಂದು ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ, ಅದು ಒಂದು ದಿನ ಕತ್ತರಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಯು ಬೋಲ್ಟ್ ಕೂತ ಜಾಗವನ್ನು ಬ್ರಷ್‌ನಿಂದ ಉಜ್ಜಿ ನೋಡಿ: ಸುತ್ತ ಕೆಂಪು ತುಕ್ಕಿನ ಪುಡಿ ಅಥವಾ ಹೊಳೆಯುವ ಹೊಸ ಲೋಹದ ಗೆರೆ ಇದ್ದರೆ ಅಲ್ಲಿ ಆಕ್ಸಲ್ ಆಡುತ್ತಿದೆ. ಎರಡನೆಯದು ಟಾರ್ಕ್ ರಾಡ್ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ಸರಳು) ತುದಿಯ ರಬ್ಬರ್ ಬುಷ್. ಹಾರೆ ಕೊಟ್ಟು ಮೀಟಿದಾಗ ರಬ್ಬರ್ ಬಿಟ್ಟುಕೊಂಡು ಸಲೀಸಾಗಿ ಆಡಿದರೆ ಬುಷ್ ಮುಗಿದಿದೆ. ಒಂದು ಕಡೆಯದು ಹೋಗಿದ್ದರೂ ಎರಡೂ ಕಡೆ ಬದಲಿಸಿ, ಇಲ್ಲದಿದ್ದರೆ ಹೊಸ ಬುಷ್‌ನ ಬಿಗಿ ಮತ್ತು ಹಳೆಯದರ ಸಡಿಲದಿಂದಲೇ ಆಕ್ಸಲ್ ಮತ್ತೆ ವಾರೆ. ಶ್ಯಾಕಲ್ ಪಿನ್, ಬ್ರಾಕೆಟ್‌ನ ರಿವೆಟ್, ಮುರಿದ ಮೇನ್ ಪಾಟಾ ಇವನ್ನೂ ಅದೇ ಹೊತ್ತಿಗೆ ನೋಡಿ.

ಆಕ್ಸಲ್ ಅಳತೆ ಸರಿಯಿದ್ದೂ ಗಾಡಿ ಎಡಕ್ಕೆ ಎಳೆದರೆ? ಎಡ ಮುಂದಿನ ಗಾಲಿಯ ಬ್ರೇಕ್ ಪೂರ್ತಿ ಬಿಡದೆ ಇರಬಹುದು, 20 ಕಿ.ಮೀ. ಓಡಿಸಿ ನಿಲ್ಲಿಸಿದಾಗ ಎರಡು ಡ್ರಮ್ಮಿನ ಬಿಸಿಯಲ್ಲಿ ಎದ್ದುಕಾಣುವ ವ್ಯತ್ಯಾಸ ಇರುತ್ತದೆ (ಮುಟ್ಟಬೇಡಿ, ಅಂಗೈ ಹತ್ತಿರ ಹಿಡಿದರೆ ತಿಳಿಯುತ್ತದೆ). ಎಡ ಟೈರಿನಲ್ಲಿ ಹವಾ ಕಡಿಮೆ ಇರಬಹುದು. ನೀರು ಹರಿಯಲೆಂದು ರಸ್ತೆ ಎಡಕ್ಕೆ ಇಳಿಜಾರಾಗಿರುವುದರಿಂದ ಎಲ್ಲ ಗಾಡಿಗೂ ಇಂಥ ಸವೆತ ಸ್ವಲ್ಪ ಇದ್ದೇ ಇರುತ್ತದೆ. ಆದರೆ 28 ಸಾವಿರಕ್ಕೆ ಅಂಚು ಬೋಳಾಗುವಷ್ಟು ಅಲ್ಲ.

ಟೋ ಕೊನೆಗೆ ಬರಬೇಕಾದ ಕೆಲಸ. ಹವಾ, ವೀಲ್ ಬೇರಿಂಗ್, ಕಿಂಗ್ ಪಿನ್ (ಮುಂದಿನ ಗಾಲಿ ಎಡ–ಬಲ ತಿರುಗಲು ಆಧಾರವಾದ ಗೂಟ), ಟೈ ರಾಡ್ ಎಂಡ್, ಪಾಟಾ, ಹಿಂದಿನ ಆಕ್ಸಲ್ ಇವೆಲ್ಲ ಆದ ಮೇಲೆ. ಸಡಿಲ ಕಿಂಗ್ ಪಿನ್ ಇಟ್ಟುಕೊಂಡು ಟೋ ಹೊಂದಿಸಿದರೆ ಅದು ಅಂಗಡಿ ಬಾಗಿಲು ದಾಟುವವರೆಗೆ ಮಾತ್ರ ನಿಲ್ಲುತ್ತದೆ. ಪರೀಕ್ಷೆ ಸುಲಭ: ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಗಾಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಟೈರನ್ನು ಮೇಲೆ–ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಅದು ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್ ಬುಷ್. ಟೋ ಎಷ್ಟಿರಬೇಕು ಎನ್ನುವುದು ನಿಮ್ಮ ಗಾಡಿಯ ಪುಸ್ತಕದಲ್ಲಿದೆ. ರೇಡಿಯಲ್ ಹಾಕಿದ ಲಾರಿಗೆ ಸಾಮಾನ್ಯವಾಗಿ ಸೊನ್ನೆಯಿಂದ 2 ಮಿ.ಮೀ. ಒಳಕ್ಕೆ. ರೇಡಿಯಲ್ ಬರುವ ಮೊದಲಿನ ನೈಲಾನ್ ಟೈರ್ ಕಾಲದ ಅಂಕಿಯನ್ನು ಬಾಯಿಪಾಠ ಮಾಡಿಕೊಂಡ ಮಿಸ್ತ್ರಿಗಳು ಇನ್ನೂ ಇದ್ದಾರೆ. ಪುಸ್ತಕ ಮುಂದಿಟ್ಟು ಮಾಡಿಸಿ.

ಈಗ ಹವಾ ವಿಷಯ. "ಬೇಸಿಗೆಯಲ್ಲಿ ಕಮ್ಮಿ ಇಡು" ಎಂಬುದು ಕಲಬುರಗಿ, ಯಾದಗಿರಿ ಕಡೆ ಕೇಳಿಬರುವ ಸಲಹೆಗಳಲ್ಲೇ ಅತಿ ಅಪಾಯದ್ದು. ಟೈರ್ ಒಡೆಯುವುದು ಒತ್ತಡ ಏರಿದ್ದಕ್ಕಲ್ಲ; ಹವಾ ಕಡಿಮೆಯಾಗಿ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ, ಅದರಿಂದ ಒಳಗೇ ಹುಟ್ಟುವ ಬಿಸಿಗೆ ರಬ್ಬರ್ ಮತ್ತು ತಂತಿಯ ಬೆಸುಗೆ ಬಿಡುವುದಕ್ಕೆ. 120 ಪಿಎಸ್‌ಐ ಇರುವ ಟೈರ್ 10 ಡಿಗ್ರಿ ಬಿಸಿ ಏರಿದರೆ ಒತ್ತಡ ಸುಮಾರು 4 ಪಿಎಸ್‌ಐ ಏರುತ್ತದೆ. ಮೇ ತಿಂಗಳ ಬೆಳಗ್ಗೆ ತಣ್ಣಗೆ 120 ಇದ್ದದ್ದು ಮಧ್ಯಾಹ್ನ ಲೋಡಿನಲ್ಲಿ 135 ತೋರಿಸುವುದು ಸಹಜ. ಟೈರನ್ನು ಆ ಏರಿಕೆ ಲೆಕ್ಕ ಹಿಡಿದೇ ಮಾಡಿರುತ್ತಾರೆ. ಹುಮನಾಬಾದ್ ಕ್ರಾಸ್‌ನಲ್ಲಿ ಚಹಾಕ್ಕೆ ನಿಂತಾಗ ಯಾರೋ ಹೆದರಿಸಿದರೆಂದು 15 ಪಿಎಸ್‌ಐ ಬಿಟ್ಟರೆ ಮರುದಿನ ಬೆಳಗ್ಗೆ ಟೈರಿನಲ್ಲಿ ಉಳಿಯುವುದು 105. ಅಲ್ಲಿಂದ ಎರಡೂ ಭುಜ ಸವೆಯಲು ಶುರು, ಬಿಸಿಯೂ ಜಾಸ್ತಿ.

ತಣ್ಣಗಿದೆ ಎನ್ನಬೇಕಾದರೆ ಗಾಡಿ ಮೂರು–ನಾಲ್ಕು ತಾಸು ನೆರಳಿನಲ್ಲಿ ನಿಂತಿರಬೇಕು. ಫ್ಯಾಕ್ಟರಿ ಯಾರ್ಡಿನ ಸರದಿಯಲ್ಲಿ ಇಡೀ ದಿನ ನಿಂತ ಗಾಡಿಯ ಬಿಸಿಲು ಬದಿಯ ಟೈರ್, ನೆರಳು ಬದಿಯದಕ್ಕಿಂತ ಹೆಚ್ಚು ತೋರಿಸುತ್ತದೆ. ಆಗ ಎರಡನ್ನೂ ಸಮ ಮಾಡಿದರೆ ನೀವೇ ತಪ್ಪು ಹವಾ ತುಂಬಿದಂತೆ. ಎಷ್ಟು ಇಡಬೇಕು ಎಂಬುದಕ್ಕೆ ಟೈರಿನ ಪಕ್ಕದ ಅಂಕಿ ಮತ್ತು ನಿಮ್ಮ ಆಕ್ಸಲ್ ಲೋಡ್ ಆಧಾರ. 10.00 ಆರ್ 20, 16 ಪ್ಲೈ ಟೈರಿಗೆ ಪೂರ್ತಿ ಲೋಡಿನಲ್ಲಿ ಅದು 120ರ ಆಸುಪಾಸು. ಸುತ್ತಿಗೆಯಿಂದ ಬಡಿದು ಸದ್ದು ಕೇಳಿದರೆ ಪೂರಾ ಪಂಚರ್ ಆದದ್ದು ಗೊತ್ತಾಗಬಹುದು, 20 ಪಿಎಸ್‌ಐ ಕಡಿಮೆ ಇದ್ದದ್ದು ಗೊತ್ತಾಗುವುದಿಲ್ಲ. ಒಂದು ಒಳ್ಳೆ ಗೇಜ್ ಗಾಡಿಯಲ್ಲಿರಲಿ.

ನೈಟ್ರೋಜನ್: ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಪೂರ್ತಿ ನೈಟ್ರೋಜನ್ ತುಂಬಿದರೆ ಸೋರಿಕೆ ತುಸು ನಿಧಾನ, ಒಳಗೆ ತೇವ ಕಡಿಮೆ. ಅಷ್ಟೇ ಲಾಭ. ಬಿಸಿಗೆ ಅದೂ ಹಿಗ್ಗುತ್ತದೆ, ವಾರೆ ಆಕ್ಸಲನ್ನು ಅದು ನೆಟ್ಟಗೆ ಮಾಡುವುದಿಲ್ಲ. ಕಂಪನಿ ಮಾಲು ಖರಾಬ್ ಎನ್ನುವುದಾದರೆ ಉಬ್ಬು, ಪದರ ಬಿಡುವುದು ಕಾಣಬೇಕಿತ್ತು. ಎರಡು ಟೈರ್ ಮಾತಾಡಿಕೊಂಡಂತೆ ಎದುರು–ಬದುರು ಅಂಚಿನಲ್ಲಿ ಸವೆಯುವುದಿಲ್ಲ. ಕ್ಲೇಮ್ ಹಾಕಿದರೂ ಈ ಸವೆತ ನೋಡಿ ವಾಪಸ್ ಕಳಿಸುತ್ತಾರೆ.

ಹಿಂದಿನ ಜೋಡಿ ಟೈರಿನ ಸಮಸ್ಯೆ ಬೇರೆ. ಒಳಗಿನ ಟೈರ್ ಬೇಗ ಹೋಗುವುದಕ್ಕೆ ಮೊದಲ ಕಾರಣ ಅದರ ವಾಲ್ವ್ ಕೈಗೆ ಸಿಗದಿರುವುದು. ಹೊರಗಿನದಕ್ಕೆ ತಪ್ಪದೆ ಹವಾ, ಒಳಗಿನದು ದೇವರ ಮೇಲೆ. ಒಂದರಲ್ಲಿ 120, ಇನ್ನೊಂದರಲ್ಲಿ 95 ಇದ್ದರೆ ಲೋಡ್ ಹೊರಗಿನದರ ಮೇಲೆ, ಒಳಗಿನದು ಚಿಕ್ಕದಾಗಿ ರಸ್ತೆಗೆ ಉಜ್ಜಿಕೊಂಡು ಎಳೆಸಿಕೊಳ್ಳುತ್ತದೆ. ಜೋಡಿಯ ನಡುವೆ 5 ಪಿಎಸ್‌ಐಗಿಂತ ಹೆಚ್ಚು ಅಂತರ ಬೇಡ. ಎಕ್ಸ್‌ಟೆನ್ಶನ್ ವಾಲ್ವ್ ಹಾಕಿಸಿ, ಅಲ್ಲಾಡದಂತೆ ಕ್ಲಿಪ್ ಇರಲಿ, ಮುಚ್ಚಳ ಲೋಹದ್ದಿರಲಿ. ಈ ಗಾಡಿಯಲ್ಲಿ ನೀವು ಮಾಡುವ ಖರ್ಚುಗಳಲ್ಲೆಲ್ಲ ಬೇಗ ಮರಳಿ ಬರುವುದು ಇದೇ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಹೊಸ–ಹಳೆ ಜೋಡಿ. ಪಂಚರ್ ಆದ ದಿನ ಸ್ಟೆಪ್ನಿ ಹಾಕಿ ಅಲ್ಲೇ ಬಿಟ್ಟುಬಿಡುವುದು ರೂಢಿ. ಎರಡರ ವ್ಯಾಸದಲ್ಲಿ 6 ಮಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು, ಅಂದರೆ ಗುಂಡಿಯ ಆಳದಲ್ಲಿ 3 ಮಿ.ಮೀ. 6 ಮಿ.ಮೀ. ವ್ಯಾಸ ಎಂದರೆ ಸುತ್ತಳತೆಯಲ್ಲಿ 19 ಮಿ.ಮೀ.; ಈ ಟೈರ್ ಒಂದು ಕಿಲೋಮೀಟರಿಗೆ ಸುಮಾರು 300 ಸುತ್ತು ಹೊಡೆಯುತ್ತದೆ, ಹಾಗಾದರೆ ಚಿಕ್ಕ ಟೈರ್ ಪ್ರತಿ ಕಿಲೋಮೀಟರಿಗೆ ಐದಾರು ಮೀಟರ್ ಉಜ್ಜಿಕೊಂಡೇ ಬರುತ್ತದೆ. ಅನಿವಾರ್ಯವಾದರೆ ತುಸು ದೊಡ್ಡದನ್ನು ಹೊರಗೆ ಹಾಕಿ. ನಡು ಉಬ್ಬಿದ ರಸ್ತೆಯಲ್ಲಿ ಒಳಗಿನದಕ್ಕೆ ಮೊದಲೇ ಲೋಡ್ ಜಾಸ್ತಿ. ರೇಡಿಯಲ್–ನೈಲಾನ್ ಒಂದೇ ಆಕ್ಸಲಿನಲ್ಲಿ ಯಾವ ಕಾರಣಕ್ಕೂ ಬೇಡ. ಜೋಡಿಯಲ್ಲಿ ಒಂದು ಪಂಚರ್ ಆದರೆ ನಟ್ ಸಡಿಲಿಸುವ ಮೊದಲೇ ಎರಡೂ ಟೈರಿನ ವಾಲ್ವ್ ಪಿನ್ ತೆಗೆದು ಹವಾ ಪೂರ್ತಿ ಬಿಡಿ. ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಲಾಕ್ ರಿಂಗ್ ಹಾರಿ ಪಂಚರ್ ಅಂಗಡಿ ಹುಡುಗರು ಸಾಯುವುದು ಇಲ್ಲೇ.

ಗರಗಸದ ಹಲ್ಲು ಬರುವುದು ಲಗ್ ಟೈರಿನಲ್ಲಿ (ಅಡ್ಡಡ್ಡ ದಪ್ಪ ಗುಂಡಿಗಳದ್ದು) ಹೆಚ್ಚು. ದೊಡ್ಡ ಗುಂಡಿ ಬ್ರೇಕ್ ಮತ್ತು ಎಳೆತಕ್ಕೆ ಮಡಚಿ, ಅದರ ಒಂದು ಬದಿ ಮಾತ್ರ ಉಜ್ಜುತ್ತದೆ. ಹವಾ ಸರಿಮಾಡಿ, ಹಲ್ಲು ಶುರುವಾದಾಗಲೇ ಟೈರನ್ನು ಎಡದಿಂದ ಬಲಕ್ಕೆ ಬದಲಿಸಿದರೆ ತಿರುಗುವ ದಿಕ್ಕು ಬದಲಾಗಿ ಹಲ್ಲು ಸಮವಾಗುತ್ತಾ ಬರುತ್ತದೆ. ಬಾಣದ ಗುರುತು ಇರುವ ಟೈರ್ ಆದರೆ ಮಾತ್ರ ಬೇಡ. ನಿಮ್ಮದು ಪೂರ್ತಿ ಡಾಂಬರ್ ಓಟವಾದರೆ ಮುಂದಿನ ಸಲ ಹಿಂದಕ್ಕೂ ರಿಬ್ ಟೈರ್ (ಉದ್ದುದ್ದ ಪಟ್ಟಿಗಳದ್ದು) ಹಾಕುವುದನ್ನು ಯೋಚಿಸಿ. ಸುಣ್ಣದಕಲ್ಲು, ಫರ್ಸಿ ಗಣಿಗೆ ಇಳಿಯುವ ಗಾಡಿಗೆ ಲಗ್ ಬೇಕೇ ಬೇಕು.

ಲೋಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಅಂಕಿ ನೋಡಿಕೊಳ್ಳಿ. 2018ರಲ್ಲಿ ಮುಂದಿನ ಆಕ್ಸಲಿನ ಮಿತಿಯನ್ನು 6 ಟನ್‌ಗಿಂತ ಮೇಲಕ್ಕೆ ಏರಿಸಿದರು. ಟೈರ್ ಅದರ ಜೊತೆ ತಾನಾಗಿ ಏರಲಿಲ್ಲ. ಟೈರಿನ ಪಕ್ಕದಲ್ಲಿ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತದೆ ಎಂಬ ಸಂಕೇತ) 146 ಎಂದು ಬರೆದಿದ್ದರೆ ಒಂದು ಟೈರ್ ಹೊರುವುದು 3,000 ಕೆ.ಜಿ., 149 ಇದ್ದರೆ 3,250, 152 ಇದ್ದರೆ 3,550. 146ರ ಜೋಡಿ ಮುಂದೆ ಹಾಕಿ, ಚೀಲಗಳನ್ನು ಕ್ಯಾಬಿನ್‌ಗೆ ಒತ್ತಿ ಪೇರಿಸಿದರೆ ಕಾಗದದಲ್ಲಿ ಲೋಡ್ ಸರಿ, ಟೈರಿಗೆ ಓವರ್‌ಲೋಡ್.

ಇನ್ನು ನಿಮ್ಮ ಮುಂದಿರುವ ದಾರಿಗಳು. ಅಳತೆ ತಪ್ಪಿ, ಕಾರಣ ಬೋಲ್ಟ್ ಅಥವಾ ಬುಷ್ ಎಂದು ಸಿಕ್ಕರೆ ಊರಲ್ಲೇ ಕೆಲಸ ಮುಗಿಸಬಹುದು: ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್ (ಹಿಗ್ಗಿದ ಹಳೆಯದನ್ನು ಮತ್ತೆ ಬಿಗಿಯಬೇಡಿ), ಬುಷ್ ಜೋಡಿಯಾಗಿ, ಮತ್ತೆ ಅಳತೆ, ಕೊನೆಗೆ ಟೋ. ಲೋಡ್ ಹಾಕಿ 500 ಕಿ.ಮೀ. ಓಡಿಸಿ ಯು ಬೋಲ್ಟನ್ನು ಪುಸ್ತಕದಲ್ಲಿರುವ ಟಾರ್ಕ್‌ಗೆ ಮತ್ತೆ ಬಿಗಿಯಿರಿ. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ದಂಡ. ಬೋಲ್ಟ್, ಬುಷ್ ಎಲ್ಲ ಸರಿಯಿದ್ದೂ ಅಳತೆ ತಪ್ಪಿದರೆ ಎಲ್ಲ ಆಕ್ಸಲ್ ಒಟ್ಟಿಗೆ ಅಳೆಯುವ ಲೇಸರ್ ಇರುವ ಕಡೆ ಹೋಗಿ. ಮುಂದಿನ ಎರಡು ಗಾಲಿ ಮಾತ್ರ ಅಳೆಯುವ ಯಂತ್ರಕ್ಕೆ ನಾಲ್ಕನೇ ಸಲ ಹಣ ಕೊಡಬೇಡಿ. ಮುಂದಿನ ಆಕ್ಸಲ್ ಬೀಮ್ ಬಾಗಿದೆ, ಬಿಸಿಮಾಡಿ ನೆಟ್ಟಗೆ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿಸಿ ಕಂಡ ಬೀಮಿನ ಗಟ್ಟಿತನ ಹೋಗುತ್ತದೆ, ಲೋಡಿನಲ್ಲಿ ಮುರಿಯಬಹುದು. ಬೀಮ್ ಬದಲಿಸುವುದೇ ದಾರಿ.

ಸವೆದ ಎರಡು ಟೈರನ್ನು ಎಸೆಯಬೇಕಿಲ್ಲ, ತಂತಿ ಕಾಣದಿದ್ದರೆ. ರಿಪೇರಿ ಆದ ಮೇಲೆ ರಿಮ್ ಸಮೇತ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಇಲ್ಲೂ ಬಾಣದ ಗುರುತು ನೋಡಿಕೊಳ್ಳಿ. ಎಡದ ಹೊರ ಸವೆತ ಬಲದಲ್ಲೂ ಹೊರಗೇ ಬರುತ್ತದೆ, ಅಲ್ಲಿ ಈವರೆಗೆ ಸವೆಯುತ್ತಿದ್ದದ್ದು ಒಳ ಅಂಚು. ಹಾಗಾಗಿ ಉಳಿದ ಸಣ್ಣ ಎಳೆತವೂ ಉಳಿದ ರಬ್ಬರಿನ ಮೇಲೆ ಬೀಳುತ್ತದೆ. ರಿಪೇರಿ ಮಾಡದೆ ಬದಲಿಸಿದರೆ ಮಾತ್ರ ನಾಲ್ಕೂ ಅಂಚು ಹೋಗುತ್ತವೆ. ಅಂಚು 1.6 ಮಿ.ಮೀ. ಗುರುತಿಗೆ ಇಳಿದಿದ್ದರೆ ಮುಂದಕ್ಕೆ ಬೇಡವೇ ಬೇಡ. ರೀಟ್ರೆಡ್ (ಸವೆದ ಟೈರಿಗೆ ಹೊಸ ಗುಂಡಿ ಹಾಕಿಸುವುದು) ಮಾಡಿಸುವ ಇರಾದೆ ಇದ್ದರೆ 3–4 ಮಿ.ಮೀ. ಇರುವಾಗಲೇ ತೆಗೆಯಿರಿ, ರೀಟ್ರೆಡ್ ಆದದ್ದನ್ನು ಹಿಂದಿನ ಆಕ್ಸಲಿನಲ್ಲಿ ಸರಿಜೋಡಿ ನೋಡಿ ಹಾಕಿ. ಒಂದು ಕಡೆ ತಂತಿ ಕಂಡಿದ್ದರೂ ಕೇಸಿಂಗ್ (ಟೈರಿನ ಒಡಲು) ಮುಗಿಯಿತು, ಅದಕ್ಕೆ ರೀಟ್ರೆಡ್ ದುಡ್ಡು ಹಾಕಬೇಡಿ.